ಎಷ್ಟು ಕೆಲ್ವಿನ್ ಎಂಬ ತಪ್ಪು ಪ್ರಶ್ನೆ

ಅತಿವಾಹಕತೆಯ ಚರಿತ್ರೆಯನ್ನು ನಾವು ಏಣಿಯ ಮೆಟ್ಟಿಲು ಎಣಿಸಿದಂತೆ ಹೇಳಿಕೊಂಡು ಬಂದಿದ್ದೇವೆ. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ದ್ರವ ಹೀಲಿಯಂನಲ್ಲಿ ತಣಿಸಿದ. 4.2 ಕೆಲ್ವಿನ್ ಹತ್ತಿರ, ಅಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ 269 ಡಿಗ್ರಿ ಕೆಳಗೆ, ಅದರ ವಿದ್ಯುತ್ ರೋಧ ಥಟ್ಟನೆ ಇಲ್ಲವಾಯಿತು. ಅದು ಮೊದಲ ಮೆಟ್ಟಿಲು. ಬಳಿಕ ಸೀಸ 7, ನಯೋಬಿಯಂ 9, ನಯೋಬಿಯಂ-ತವರ 18, 1973ರಲ್ಲಿ ನಯೋಬಿಯಂ-ಜರ್ಮೇನಿಯಂ 23. 1986ರಲ್ಲಿ ಜೂರಿಕ್‌ನ ಬೆಡ್ನೋರ್ಜ್ ಮತ್ತು ಮುಲ್ಲರ್ 30 ಮುಟ್ಟಿದರು, ಮರುವರ್ಷ ಹ್ಯೂಸ್ಟನ್‌ನ ಪಾಲ್ ಚು ಮತ್ತು ಸಂಗಡಿಗರು 93ಕ್ಕೆ ಏರಿದರು, 1993ರಲ್ಲಿ ಪಾದರಸ ಬೆರೆತ ತಾಮ್ರದ ಆಕ್ಸೈಡ್ 133 ತಲುಪಿತು. ಇನ್ನು ಉಳಿದಿರುವುದು ನಾವು ಕುಳಿತಿರುವ ಕೋಣೆಯ ತಾಪಮಾನ, ಸುಮಾರು 300. ಆ ಮೆಟ್ಟಿಲಿಗೆ ಕಾಲಿಟ್ಟ ದಿನ ಲೋಕವೇ ಬದಲಾಗುತ್ತದೆ ಎನ್ನುವುದು ಈ ಕಥೆಯ ಕೊನೆಯ ಸಾಲು. ಇದರಲ್ಲಿ ಜಪಾನಿಗೂ ಒಂದು ಮೂಲೆ ಸಿಗುತ್ತದೆ: ಬೇರೆಯವರು ಕಂಡುಹಿಡಿದದ್ದನ್ನು ತೆಗೆದುಕೊಂಡು ತೇಲುವ ರೈಲು ಮಾಡಿದ ಜಾಣ ಎಂಜಿನಿಯರುಗಳ ದೇಶ ಎಂದು.

ಈ ಕಥೆ ಭೌತಶಾಸ್ತ್ರವಾಗಿಯೂ ತಪ್ಪು, ಚರಿತ್ರೆಯಾಗಿಯೂ ತಪ್ಪು ಎಂಬುದು ನನ್ನ ವಾದ. ಅದನ್ನು ಪರೀಕ್ಷಿಸಲು ಜಪಾನಿಗಿಂತ ತಕ್ಕ ನೆಲ ಇನ್ನೊಂದಿಲ್ಲ. ಏಕೆಂದರೆ ಏಣಿಯ ಕಥೆ ಬಿಟ್ಟುಬಿಡುವ ಸಂಗತಿಗಳಲ್ಲಿ ಬಹುಪಾಲು ನಡೆದದ್ದು ಅಲ್ಲೇ.

ರೈಲಿನಿಂದಲೇ ಶುರು ಮಾಡೋಣ. 2015ರ ಏಪ್ರಿಲ್ 21ರಂದು ಯಾಮಾನಾಶಿಯ ಪರೀಕ್ಷಾ ಮಾರ್ಗದಲ್ಲಿ ಗಂಟೆಗೆ 603 ಕಿ.ಮೀ. ವೇಗ ಮುಟ್ಟಿದ ಆ ರೈಲಿನ ಬಗ್ಗೆ ಎರಡು ನಂಬಿಕೆಗಳು ನಮ್ಮಲ್ಲಿ ಬೇರೂರಿವೆ. ಪ್ರಯೋಗಾಲಯದಲ್ಲಿ ದ್ರವ ಸಾರಜನಕದಲ್ಲಿ ಅದ್ದಿದ ಕಪ್ಪು ಬಿಲ್ಲೆಯ ಮೇಲೆ ಪುಟ್ಟ ಅಯಸ್ಕಾಂತ ತೇಲುತ್ತದಲ್ಲ, ರೈಲು ತೇಲುವುದೂ ಹಾಗೆಯೇ ಎಂಬುದು ಮೊದಲನೆಯದು. ಅದಕ್ಕೆ ಈಚಿನ, ‘ಬಿಸಿ’ಯಾದ ಅತಿವಾಹಕಗಳನ್ನೇ ಬಳಸಿರಬೇಕು ಎಂಬುದು ಎರಡನೆಯದು. ಎರಡೂ ನಿಜವಲ್ಲ. ರೈಲಿನ ಮೈಯಲ್ಲಿರುವುದು ನಯೋಬಿಯಂ-ಟೈಟಾನಿಯಂ ಮಿಶ್ರಲೋಹದ ತಂತಿಯ ಸುರುಳಿಗಳು. ಆ ಲೋಹ ಅತಿವಾಹಕವಾಗುವುದು 10 ಕೆಲ್ವಿನ್‌ಗಿಂತ ಕೆಳಗೆ, ಅದನ್ನು ತಣಿಸುವುದು ಓನ್ಸ್ ಬಳಸಿದ ಅದೇ ದ್ರವ ಹೀಲಿಯಂನಲ್ಲಿ. ಮಾರ್ಗದ ಎರಡೂ ಬದಿಯ ಗೋಡೆಗಳಲ್ಲಿ 8ರ ಆಕಾರದ ಮಾಮೂಲಿ ಲೋಹದ ಸುರುಳಿಗಳಿವೆ. ರೈಲು ವೇಗವಾಗಿ ಹಾದುಹೋದಾಗ ಅದರ ಕಾಂತಕ್ಷೇತ್ರ ಈ ಸುರುಳಿಗಳಲ್ಲಿ ವಿದ್ಯುತ್ ಹುಟ್ಟಿಸುತ್ತದೆ, ಆ ವಿದ್ಯುತ್ತಿನ ಕಾಂತಕ್ಷೇತ್ರ ರೈಲನ್ನು ಸುಮಾರು 10 ಸೆಂ.ಮೀ. ಮೇಲೆತ್ತಿ ಹಿಡಿಯುತ್ತದೆ. ಎತ್ತುವ ಕೆಲಸ ಫ್ಯಾರಡೆಯ ಹಳೆಯ ನಿಯಮದ್ದು. ನಿಂತ ರೈಲು ತೇಲುವುದೇ ಇಲ್ಲ, ಗಂಟೆಗೆ 150 ಕಿ.ಮೀ. ಆಸುಪಾಸಿನವರೆಗೆ ಅದು ರಬ್ಬರ್ ಚಕ್ರಗಳ ಮೇಲೆ ಓಡುತ್ತದೆ. ಇಂಥ ಏರ್ಪಾಡನ್ನು 1960ರ ದಶಕದಲ್ಲಿ ಮೊದಲು ಯೋಚಿಸಿದವರು ಅಮೆರಿಕದ ಪೊವೆಲ್ ಮತ್ತು ಡ್ಯಾನ್ಬಿ. ಜಪಾನಿನ ರಾಷ್ಟ್ರೀಯ ರೈಲ್ವೆ 1972ರಲ್ಲಿ ಪ್ರಾಯೋಗಿಕ ವಾಹನ ತೇಲಿಸಿತು, 1979ರಲ್ಲಿ ಮಿಯಾಝಾಕಿಯಲ್ಲಿ 517 ಕಿ.ಮೀ. ವೇಗ ಮುಟ್ಟಿತು.

ಹಾಗಾದರೆ ಅತಿವಾಹಕದ ಪಾಲೇನು? ಓಡುವ ವಾಹನದಲ್ಲಿ ಹೊರಲು ಸಾಧ್ಯವಾಗುವಷ್ಟು ಹಗುರವಾದ, ಆದರೂ ಬಹಳ ಬಲಶಾಲಿಯಾದ, ಒಮ್ಮೆ ತುಂಬಿದ ವಿದ್ಯುತ್ತನ್ನು ಕಳೆದುಕೊಳ್ಳದೆ ಸುತ್ತಿಸುವ ಅಯಸ್ಕಾಂತ. ಇಲ್ಲಿ ಬೇಕಾದದ್ದು ಬಲವಾದ ಕಾಂತಕ್ಷೇತ್ರದ ನಡುವೆಯೂ ಭಾರೀ ಪ್ರವಾಹವನ್ನು ಹೊರುವ ಶಕ್ತಿ. ಏಣಿಯ ಕಥೆ ಈ ಶಕ್ತಿಯ ಹೆಸರನ್ನೇ ಎತ್ತುವುದಿಲ್ಲ.

ಅತಿವಾಹಕ ಸ್ಥಿತಿಗೆ ಎಲ್ಲೆಗಳು ಮೂರು. ತಾಪ ಏರಿದರೆ ಅದು ಮುರಿಯುತ್ತದೆ, ಕಾಂತಕ್ಷೇತ್ರ ಬಲವಾದರೂ ಮುರಿಯುತ್ತದೆ, ತಂತಿಯಲ್ಲಿ ಹರಿಯುವ ಪ್ರವಾಹ ಮಿತಿ ಮೀರಿದರೂ ಮುರಿಯುತ್ತದೆ. ಇದನ್ನು ಮೊದಲು ಕಂಡು ನಿರಾಶನಾದವನು ಓನ್ಸ್ ತಾನೇ. ಒಂದು ಲಕ್ಷ ಗಾಸ್‌ನ ಅಯಸ್ಕಾಂತ ಕಟ್ಟಬಹುದೆಂದು 1913ರಲ್ಲಿ ಅವನು ಕನಸು ಕಂಡಿದ್ದ. ಆದರೆ ಸೀಸದ ಸುರುಳಿ ಕೆಲವೇ ನೂರು ಗಾಸ್‌ನ ಕ್ಷೇತ್ರಕ್ಕೆ ತನ್ನ ಗುಣ ಕಳೆದುಕೊಂಡಿತು. ಅವನ ಕನಸು ನನಸಾಗುವ ದಾರಿ ತೆರೆಯಲು 1961 ಬರಬೇಕಾಯಿತು. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕುಂಜ್ಲರ್ ಮತ್ತು ಸಂಗಡಿಗರು ನಯೋಬಿಯಂ-ತವರ 88,000 ಗಾಸ್‌ನಲ್ಲಿಯೂ ಭಾರೀ ಪ್ರವಾಹ ಹೊರುವುದನ್ನು ತೋರಿಸಿದರು. ಆ ಐವತ್ತು ವರ್ಷಗಳಲ್ಲಿ ಏಣಿ ಏರಿದ್ದು ಹದಿಮೂರೋ ಹದಿನಾಲ್ಕೋ ಡಿಗ್ರಿ. ತಡೆದುಕೊಳ್ಳುವ ಕಾಂತಕ್ಷೇತ್ರ ಏರಿದ್ದು ನೂರು ಪಟ್ಟಿಗಿಂತ ಹೆಚ್ಚು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಎಂಆರ್‌ಐ ಯಂತ್ರ ಇರುವುದು ಈ ಎರಡನೆಯ ಏರಿಕೆಯಿಂದ.

ಇದರ ಕಾರಣವನ್ನು 1957ರಲ್ಲಿ ರಷ್ಯದ ಅಬ್ರಿಕೊಸೊವ್ ವಿವರಿಸಿದ್ದ. ತಂತಿಗೆ ಒದಗುವ ಅತಿವಾಹಕಗಳಲ್ಲಿ ಕಾಂತಕ್ಷೇತ್ರ ಪೂರ್ತಿ ಹೊರಗೆ ಉಳಿಯುವುದಿಲ್ಲ. ಅದು ಸಣ್ಣ ಎಳೆಗಳಾಗಿ ಒಳನುಗ್ಗುತ್ತದೆ, ಪ್ರತಿ ಎಳೆಯ ಸುತ್ತ ವಿದ್ಯುತ್ತಿನ ಸುಳಿಯೊಂದು ತಿರುಗುತ್ತಿರುತ್ತದೆ. ತಂತಿಯಲ್ಲಿ ಪ್ರವಾಹ ಹರಿದಾಗ ಈ ಸುಳಿಗಳು ಪಕ್ಕಕ್ಕೆ ತಳ್ಳಲ್ಪಡುತ್ತವೆ, ಅವು ಜಾರಿದರೆ ಶಕ್ತಿ ಸೋರುತ್ತದೆ, ರೋಧ ಮರಳುತ್ತದೆ. ಸುಳಿಗಳನ್ನು ಕಚ್ಚಿ ಹಿಡಿಯಲು ವಸ್ತುವಿನೊಳಗೆ ಕಲ್ಮಷ, ಹರಳಿನ ಅಂಚು, ದೋಷ ಬೇಕು. ಅಪ್ಪಟ ಹರಳಿಗಿಂತ ಜಾಣತನದಿಂದ ಕೆಡಿಸಿದ ಹರಳು ಮೇಲು. ಈ ಕೆಡಿಸುವ ವಿದ್ಯೆ ಲೋಹಶಾಸ್ತ್ರಜ್ಞರದ್ದು, ಪಿಂಗಾಣಿ ಸುಡುವ ರಸಾಯನಶಾಸ್ತ್ರಜ್ಞರದ್ದು. ಜಪಾನ್ ಬಲವಾಗಿದ್ದದ್ದು ಇಲ್ಲಿ. ಅದನ್ನು ‘ಬರೀ ಸುಧಾರಣೆ’ ಎಂದು ಕರೆಯುವವರು ಅಬ್ರಿಕೊಸೊವ್‌ನ ಭೌತಶಾಸ್ತ್ರವನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದೇ ನಾನು ಹೇಳುತ್ತೇನೆ.

ಕ್ಯೋಜಿ ತಾಚಿಕಾವಾ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಜಪಾನಿನ ರಾಷ್ಟ್ರೀಯ ಲೋಹ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು ಹಿಡಿದದ್ದು ವೆನೇಡಿಯಂ-ಗ್ಯಾಲಿಯಂ ಎಂಬ ಸಂಯುಕ್ತವನ್ನು. ತಾಪಮಾನದ ಲೆಕ್ಕದಲ್ಲಿ ಅದು ನಯೋಬಿಯಂ-ತವರಕ್ಕಿಂತ ಮೂರು ಡಿಗ್ರಿ ಕೆಳಗೆ. ಆದರೆ ಬಲವಾದ ಕ್ಷೇತ್ರದಲ್ಲಿ ಅದು ಆ ಕಾಲದ ನಯೋಬಿಯಂ-ತವರಕ್ಕಿಂತ ಚೆನ್ನಾಗಿ ನಿಲ್ಲುತ್ತಿತ್ತು. ಇಂಥ ಸಂಯುಕ್ತಗಳು ಗಾಜಿನಷ್ಟು ಪೆಡಸು, ಎಳೆದರೆ ಮುರಿಯುತ್ತವೆ. ತಾಚಿಕಾವಾ ಕಂಡ ಉಪಾಯ ಹೀಗಿತ್ತು: ವೆನೇಡಿಯಂ ಸರಳನ್ನು ತಾಮ್ರ-ಗ್ಯಾಲಿಯಂ ಮಿಶ್ರಲೋಹದೊಳಗೆ ಇಟ್ಟು, ಎರಡೂ ಮೆದುವಾಗಿರುವಾಗಲೇ ಸಣ್ಣ ತಂತಿಯಾಗಿ ಎಳೆಯುವುದು, ಆಮೇಲೆ ಕಾಯಿಸುವುದು. ಕಾವಿನಲ್ಲಿ ಗ್ಯಾಲಿಯಂ ವೆನೇಡಿಯಂ ಕಡೆಗೆ ಸರಿದು, ಬೇಕಾದ ಸಂಯುಕ್ತ ತಂತಿಯೊಳಗೇ ಹುಟ್ಟುತ್ತದೆ. 1970ರ ಹೊತ್ತಿಗೆ ಅಮೆರಿಕದಲ್ಲಿಯೂ ಬೇರೆಯಾಗಿ ಇದೇ ದಾರಿ ಕಂಡಿದ್ದರು. ಗ್ಯಾಲಿಯಂ ಬದಲು ತವರ ಬೆರೆತ ತಾಮ್ರ, ಅಂದರೆ ಕಂಚು, ಬಳಸಿದ ಇದೇ ವಿಧಾನದಿಂದ ನಯೋಬಿಯಂ-ತವರದ ತಂತಿ ಲೋಕದ ಪ್ರಯೋಗಾಲಯಗಳಿಗೆ ಹರಿದುಬಂತು. ಅತ್ತ, 23 ಕೆಲ್ವಿನ್‌ನ ದಾಖಲೆ ಹೊತ್ತು ಹದಿಮೂರು ವರ್ಷ ಏಣಿಯ ತುದಿಯಲ್ಲಿ ಕುಳಿತಿದ್ದ ನಯೋಬಿಯಂ-ಜರ್ಮೇನಿಯಂ ಬಳಕೆಗೆ ಬರುವ ತಂತಿಯಾಗಲೇ ಇಲ್ಲ. ಚರಿತ್ರೆಯ ಪುಸ್ತಕದಲ್ಲಿ ದಾಖಲೆಗೆ ಜಾಗವಿದೆ, ತಾಚಿಕಾವಾಗೆ ಇಲ್ಲ.

1986ರ ನಂತರವೂ ಆದದ್ದು ಇದೇ, ಇನ್ನೂ ನಾಟಕೀಯವಾಗಿ. 1988ರ ಜನವರಿಯಲ್ಲಿ ಅದೇ ಲೋಹ ಸಂಶೋಧನಾ ಸಂಸ್ಥೆಯ ಹಿರೋಶಿ ಮಾಯೆದಾ ಬಿಸ್ಮತ್, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ, ತಾಮ್ರ ಸೇರಿದ ಆಕ್ಸೈಡ್ 100 ಕೆಲ್ವಿನ್ ದಾಟಿ ಅತಿವಾಹಕವಾಗುವುದನ್ನು ಪ್ರಕಟಿಸಿದರು. ಅದರಲ್ಲಿ ವಿರಳ ಭೂಧಾತುಗಳಿರಲಿಲ್ಲ. ಅದರ ಹರಳು ಕಾಗೆಬಂಗಾರದ ಹಾಗೆ ಪದರ ಪದರವಾಗಿ ಜಾರುತ್ತದೆ, ಹಾಗಾಗಿ ಬೆಳ್ಳಿಯ ಕೊಳವೆಯಲ್ಲಿ ಪುಡಿ ತುಂಬಿ ಒತ್ತಿದರೆ ಹರಳುಗಳು ತಾವೇ ಒಂದೇ ದಿಕ್ಕಿಗೆ ಮಲಗುತ್ತವೆ. ಸುಮಿತೊಮೊ ಎಲೆಕ್ಟ್ರಿಕ್ ಈ ದಾರಿಯಲ್ಲಿ ಉದ್ದುದ್ದ ತಂತಿ ಮಾಡಿತು. ಆದರೆ ಪದರಗಳ ನಡುವಿನ ಸಡಿಲವೇ ಶಾಪವೂ ಆಯಿತು. ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ ಅದು ಅತಿವಾಹಕವೇ ಹೌದು, ಆದರೆ ಕಾಂತಕ್ಷೇತ್ರ ಸೋಕಿದೊಡನೆ ಸುಳಿಗಳು ಹಿಡಿತ ತಪ್ಪಿ ಜಾರುತ್ತವೆ. ಯಾಮಾನಾಶಿಯಲ್ಲಿ 2005ರಲ್ಲಿ ಈ ಬಿಸ್ಮತ್ ತಂತಿಯ ಅಯಸ್ಕಾಂತವನ್ನು ರೈಲಿಗೆ ಕಟ್ಟಿ 553 ಕಿ.ಮೀ. ವೇಗದಲ್ಲಿ ಓಡಿಸಿದರು. ಆಗ ಅದನ್ನು ತಣಿಸಿದ್ದು 77ಕ್ಕೆ ಅಲ್ಲ, ಸುಮಾರು 20 ಕೆಲ್ವಿನ್‌ಗೆ. 100 ದಾಟುವ ವಸ್ತುವನ್ನು 20ಕ್ಕೆ ಇಳಿಸಿದರೆ ಮಾತ್ರ ಅದು ಅಯಸ್ಕಾಂತಕ್ಕೆ ಬೇಕಾದ ಪ್ರವಾಹ ಹೊರುತ್ತದೆ. ಏಣಿಯ ಕಥೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಏಣಿಯಲ್ಲಿ ಒಂದು ಮೆಟ್ಟಿಲು ಕೆಳಗಿರುವ, 93 ಕೆಲ್ವಿನ್‌ನ ಇಟ್ರಿಯಂ ಬೆರೆತ ತಾಮ್ರದ ಆಕ್ಸೈಡ್ ಈ ವಿಷಯದಲ್ಲಿ ಬಿಸ್ಮತ್ತಿಗಿಂತ ಗಟ್ಟಿ. ಅದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದಿವೆ. ಅದರ ತೊಡಕು ಬೇರೆ: ಪಕ್ಕಪಕ್ಕದ ಎರಡು ಹರಳುಗಳು ಕೆಲವೇ ಡಿಗ್ರಿ ಓರೆಯಾಗಿದ್ದರೂ ಪ್ರವಾಹ ಆ ಅಂಚು ದಾಟಲಾರದೆ ಕುಸಿಯುತ್ತದೆ. ಕಿಲೋಮೀಟರುಗಟ್ಟಲೆ ಉದ್ದದ ತಂತಿಯಲ್ಲಿ ಎಲ್ಲ ಹರಳುಗಳನ್ನೂ ಒಂದೇ ದಿಕ್ಕಿಗೆ ಕೂರಿಸುವುದು ಹೇಗೆ? ಫುಜಿಕುರಾ ಕಂಪನಿಯ ಯಾಸುಹಿರೊ ಇಜಿಮಾ 1991ರಲ್ಲಿ ಉತ್ತರ ಕಂಡರು. ಲೋಹದ ಪಟ್ಟಿಯ ಮೇಲೆ ತಳಪದರವನ್ನು ಕೂರಿಸುವಾಗ ಓರೆಯಾಗಿ ಅಯಾನುಗಳನ್ನು ಹಾಯಿಸಿದರೆ, ತಪ್ಪು ದಿಕ್ಕಿನ ಹರಳುಗಳು ಬೆಳೆಯದೆ ಹೋಗುತ್ತವೆ, ಸರಿಯಾದವು ಉಳಿಯುತ್ತವೆ. ಆ ತಳದ ಮೇಲೆ ಅತಿವಾಹಕದ ಪದರ ಕೂಡ ಅದೇ ಸಾಲಿನಲ್ಲಿ ಬೆಳೆಯುತ್ತದೆ. ಇಂದು ಸಮ್ಮಿಳನ ವಿದ್ಯುತ್ತಿಗಾಗಿ ಖಾಸಗಿ ಕಂಪನಿಗಳು ಕಟ್ಟುತ್ತಿರುವ 20 ಟೆಸ್ಲಾದ (ಎರಡು ಲಕ್ಷ ಗಾಸ್‌ನ) ಅಯಸ್ಕಾಂತಗಳಲ್ಲಿ ಇರುವುದು ಇದೇ ಬಳಗದ ಪಟ್ಟಿ. ಅವೂ ಕೆಲಸ ಮಾಡುವುದು 20 ಕೆಲ್ವಿನ್ ಆಸುಪಾಸಿನಲ್ಲಿ. 133 ಕೆಲ್ವಿನ್‌ನ ಪಾದರಸದ ಆಕ್ಸೈಡ್‌ನಿಂದ ಅಂಥ ಅಯಸ್ಕಾಂತ ಯಾರೂ ಕಟ್ಟಿಲ್ಲ.

ತಾಪಮಾನಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದ್ರವ ಹೀಲಿಯಂ ದುಬಾರಿ, ಜಪಾನ್ ತನಗೆ ಬೇಕಾದ ಹೀಲಿಯಂ ಅನ್ನೆಲ್ಲ ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. 4 ಕೆಲ್ವಿನ್‌ನಲ್ಲಿ ಲೋಹಗಳ ಶಾಖ ಹಿಡಿಯುವ ಶಕ್ತಿ ಎಷ್ಟು ಕ್ಷೀಣವೆಂದರೆ, ಸುರುಳಿಯಲ್ಲಿ ತಂತಿ ಕೂದಲೆಳೆಯಷ್ಟು ಜಾರಿ ಉಜ್ಜಿದರೂ ಅದು ಬಿಸಿಯಾಗಿ ಅತಿವಾಹಕತೆ ಕಳೆದುಕೊಳ್ಳಬಹುದು. ಮಿಯಾಝಾಕಿಯಲ್ಲಿ ಓಡುವ ರೈಲಿನ ಅದುರಾಟದಿಂದ ಅಯಸ್ಕಾಂತಗಳು ಹೀಗೆ ಕೈಕೊಟ್ಟವು, ಆ ರೋಗ ಗುಣಪಡಿಸಲು ವರ್ಷಗಳೇ ಹಿಡಿದವು. 20 ಕೆಲ್ವಿನ್‌ನಲ್ಲಿ ಈ ಭಯ ಬಹಳ ಕಡಿಮೆ. ಇಷ್ಟನ್ನು ಒಪ್ಪಿಯೂ ಹೇಳುತ್ತೇನೆ: ತಾಪಮಾನ ಮೂರು ಎಲ್ಲೆಗಳಲ್ಲಿ ಒಂದು, ಉಳಿದ ಎರಡನ್ನು ಕೇಳದೆ ಅದೊಂದನ್ನೇ ಕೇಳುವುದು ಅರ್ಧ ಪ್ರಶ್ನೆ. 2015ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಎರೆಮೆಟ್ಸ್ ಅವರ ತಂಡ ಗಂಧಕದ ಹೈಡ್ರೈಡ್‌ನಲ್ಲಿ 203 ಕೆಲ್ವಿನ್ ತೋರಿಸಿತು. ಒಸಾಕಾದ ಕಾತ್ಸುಯಾ ಶಿಮಿಝು ಅವರ ತಂಡ ಜೊತೆಗೂಡಿ ಅದರ ಹರಳಿನ ರಚನೆಯನ್ನು ಎಕ್ಸ್-ಕಿರಣದಲ್ಲಿ ಕಂಡಿತು. ದೊಡ್ಡ ವಿಜ್ಞಾನ, ಅನುಮಾನವಿಲ್ಲ. ಆದರೆ ಆ ಸ್ಥಿತಿ ಉಳಿಯುವುದು ವಾಯುಮಂಡಲದ ಸುಮಾರು ಹದಿನೈದು ಲಕ್ಷ ಪಟ್ಟು ಒತ್ತಡದಲ್ಲಿ, ಎರಡು ವಜ್ರಗಳ ಮೊನೆಗಳ ನಡುವೆ.

ಇನ್ನು ‘ಕಂಡುಹಿಡಿದವರು ಬೇರೆ, ಜಪಾನ್ ಬರೀ ಹಿಂಬಾಲಿಸಿತು’ ಎಂಬ ಮಾತಿಗೆ ಬರುತ್ತೇನೆ. ಬೆಡ್ನೋರ್ಜ್ ಮತ್ತು ಮುಲ್ಲರ್ 1986ರ ಏಪ್ರಿಲ್‌ನಲ್ಲಿ ಕಳಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಇದು ‘ಸಾಧ್ಯತೆ’ ಎಂದಿತ್ತು. ಅವರು ನಿಷ್ಠರು, ತಮ್ಮ ಪುರಾವೆಯ ಅಳತೆ ಅವರಿಗೆ ಗೊತ್ತಿತ್ತು. ಅವರ ಬಳಿ ಇದ್ದದ್ದು ಲ್ಯಾಂಥನಂ, ಬೇರಿಯಂ, ತಾಮ್ರದ ಹಲವು ಆಕ್ಸೈಡ್‌ಗಳ ಮಿಶ್ರಣ. ಅದರ ರೋಧ 30 ಕೆಲ್ವಿನ್ ಹತ್ತಿರ ಬೀಳಲು ಶುರುವಾಗುತ್ತಿತ್ತು. ಆದರೆ ರೋಧ ಬೀಳುವುದು ಸಾಕ್ಷಿಯಾಗಿ ಸಾಲದು. ತಂತಿ ಸರಿಯಾಗಿ ಅಂಟದಿದ್ದರೂ, ಒಳಗೆ ಬೇರೆ ವಸ್ತು ಬೆರೆತಿದ್ದರೂ ಹಾಗೆ ಕಾಣಬಹುದು. ಅತಿವಾಹಕ ತನ್ನೊಳಗಿನಿಂದ ಕಾಂತಕ್ಷೇತ್ರವನ್ನು ಹೊರದೂಡುತ್ತದೆ ಎಂದು 1933ರಲ್ಲಿ ಬರ್ಲಿನ್‌ನ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ತೋರಿಸಿದ್ದರು. ಆ ಗುಣವೇ ನಿಜವಾದ ಗುರುತು.

ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಶೋಜಿ ತನಾಕಾ, ಕೋಇಚಿ ಕಿತಾಝಾವಾ, ಶಿನ್‌ಇಚಿ ಉಚಿದಾ, ಹಿದೆನೊರಿ ತಾಕಾಗಿ ಅವರ ತಂಡ 1986ರ ನವೆಂಬರ್‌ನಲ್ಲಿ ಇದನ್ನೇ ಅಳೆಯಿತು, ಕ್ಷೇತ್ರ ಹೊರದಬ್ಬಲ್ಪಡುವುದನ್ನು ಕಂಡಿತು. ಜೂರಿಕ್‌ನಲ್ಲಿಯೂ ಬೆಡ್ನೋರ್ಜ್, ಮುಲ್ಲರ್ ಮತ್ತು ಅಲ್ಲಿಗೆ ಹೋಗಿದ್ದ ಜಪಾನಿ ವಿಜ್ಞಾನಿ ತಾಕಾಶಿಗೆ ಅದೇ ಅಳತೆಯಲ್ಲಿ ತೊಡಗಿದ್ದರು, ಅದನ್ನು ಮರೆಯಬಾರದು. ಆದರೆ ಆ ಮಿಶ್ರಣದಲ್ಲಿ ಅತಿವಾಹಕ ಯಾವುದು, ಅದರ ಹರಳಿನ ರಚನೆ ಏನು ಎಂಬುದನ್ನು ಬೇರ್ಪಡಿಸಿ ತೋರಿಸಿದವರು ಟೋಕಿಯೊದವರು. ಡಿಸೆಂಬರ್ ಮೊದಲಲ್ಲಿ ಬಾಸ್ಟನ್‌ನ ಸಭೆಯಲ್ಲಿ ಕಿತಾಝಾವಾ ಅದನ್ನು ಹೇಳಿದ ಮೇಲೆ ಲೋಕದ ಪ್ರಯೋಗಾಲಯಗಳ ಕುಲುಮೆಗಳು ಹೊತ್ತಿಕೊಂಡವು. ಇದೇ ಹರಳು ಬಳಗದ ಆಕ್ಸೈಡ್‌ಗಳನ್ನು ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಗಂಗೂಲಿ 1970ರ ದಶಕದಿಂದಲೂ ಅಭ್ಯಾಸ ಮಾಡಿದ್ದರು ಎಂಬುದನ್ನು ಕನ್ನಡದ ಓದುಗರು ಇಲ್ಲಿ ನೆನೆಯಬೇಕು. 1987ರಲ್ಲಿ ಬೆಂಗಳೂರು ಅಷ್ಟು ಬೇಗ ಆ ಓಟಕ್ಕೆ ಇಳಿಯಲು ಸಾಧ್ಯವಾದದ್ದು ಆ ಹಿನ್ನೆಲೆಯಿಂದ. ತನಾಕಾ ತಂಡದ್ದು ಮರುಪರೀಕ್ಷೆ, ನಿಜ. ಅದು ಇಲ್ಲದಿದ್ದರೆ ಜೂರಿಕ್‌ನ ಪ್ರಬಂಧ ಹಲವು ‘ಸಾಧ್ಯತೆ’ಗಳ ರಾಶಿಯಲ್ಲಿ ಎಷ್ಟು ಕಾಲ ಮಲಗಿರುತ್ತಿತ್ತೋ ಹೇಳಲಾಗದು.

ಮರುಪರೀಕ್ಷೆಯನ್ನು ಕೀಳೆಂದು ನೋಡುವ ಅಭ್ಯಾಸದ ಬೆಲೆಯನ್ನು ನಾವು ಈಚೆಗೆ ಮತ್ತೆ ಮತ್ತೆ ತೆತ್ತಿದ್ದೇವೆ. 2018ರಲ್ಲಿ ಬೆಂಗಳೂರಿನಿಂದಲೇ ಚಿನ್ನ-ಬೆಳ್ಳಿಯ ನ್ಯಾನೊ ವಸ್ತುವಿನಲ್ಲಿ 236 ಕೆಲ್ವಿನ್‌ನ ಅತಿವಾಹಕತೆ ಕಂಡಿತೆಂಬ ಪ್ರಬಂಧ ಬಂತು. ವಿಜ್ಞಾನಲೋಕ ಅದನ್ನು ಇನ್ನೂ ಒಪ್ಪಿಲ್ಲ. 2023ರ ಜುಲೈನಲ್ಲಿ ಕೊರಿಯಾದ ಎಲ್‌ಕೆ-99 ಎಂಬ ವಸ್ತು ಕೋಣೆಯ ತಾಪಮಾನದಲ್ಲೇ ಅತಿವಾಹಕ, ಅದರ ರೋಧ ಕುಸಿಯುತ್ತದೆ ಎಂಬ ಸುದ್ದಿ ಕನ್ನಡ ಪತ್ರಿಕೆಗಳವರೆಗೂ ಬಂತು, ತಿಂಗಳೊಳಗೆ ಬೇರೆ ಪ್ರಯೋಗಾಲಯಗಳು ರೋಧದ ಆ ಕುಸಿತಕ್ಕೆ ಕಾರಣ ಬೆರಕೆಯಾಗಿದ್ದ ತಾಮ್ರದ ಸಲ್ಫೈಡ್ ಎಂದು ತೋರಿಸಿದವು. ಕೋಣೆಯ ತಾಪಮಾನದ ಅತಿವಾಹಕತೆ ಸಾರಿ ಅಮೆರಿಕದ ರೋಚೆಸ್ಟರ್‌ನಿಂದ ಬಂದಿದ್ದ ಎರಡು ಪ್ರಬಂಧಗಳನ್ನು ‘ನೇಚರ್’ ಪತ್ರಿಕೆ 2022 ಮತ್ತು 2023ರಲ್ಲಿ ಹಿಂತೆಗೆದುಕೊಂಡಿತು. ಪ್ರತಿ ಸಲವೂ ಶೀರ್ಷಿಕೆಯಾದದ್ದು ತಾಪಮಾನದ ಅಂಕಿ. ಕ್ಷೇತ್ರವನ್ನು ಹೊರದೂಡಿತೇ, ಬೇರೆಯವರು ಮಾಡಿ ನೋಡಿದರೇ ಎಂಬುದು ಒಳಪುಟದ ಮಾತಾಯಿತು.

ಸ್ವಂತ ಆವಿಷ್ಕಾರದ ಮಾತೇ ಬೇಕೆಂದರೆ ಅದೂ ಇದೆ. 2001ರ ಜನವರಿಯಲ್ಲಿ ಸೆಂದಾಯಿಯ ಸಭೆಯಲ್ಲಿ ಅಓಯಾಮಾ ಗಾಕುಇನ್ ವಿಶ್ವವಿದ್ಯಾಲಯದ ಜುನ್ ಅಕಿಮಿತ್ಸು ಮೆಗ್ನೀಸಿಯಂ ಡೈಬೋರೈಡ್ 39 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ ಎಂದರು. 1950ರ ದಶಕದಿಂದ ರಸಾಯನಶಾಸ್ತ್ರಜ್ಞರಿಗೆ ಗೊತ್ತಿದ್ದ, ಬಾಟಲಿಯಲ್ಲಿ ಕೊಳ್ಳಲು ಸಿಗುತ್ತಿದ್ದ ಪುಡಿ ಅದು. ಹರಳಿನ ಕಂಪನದಿಂದ ಎಲೆಕ್ಟ್ರಾನುಗಳು ಜೋಡಿಯಾಗುವ ಹಳೆಯ ಬಗೆಯ ಅತಿವಾಹಕತೆ 30 ಕೆಲ್ವಿನ್ ದಾಟದೆಂದು ಬಹುಮಂದಿ ನಂಬಿದ್ದರು, ಆ ನಂಬಿಕೆಯನ್ನು ಈ ಪುಡಿ ಮುರಿಯಿತು. ಏಣಿಯಲ್ಲಿ 133ರ ಪಕ್ಕ 39 ಏನೂ ಅಲ್ಲ. ಆದರೆ ಇದರಲ್ಲಿ ಹರಳಿನ ಅಂಚುಗಳು ಪ್ರವಾಹಕ್ಕೆ ಅಡ್ಡಬರುವುದಿಲ್ಲ, ಹಾಗಾಗಿ ಜಿನೀವಾದ ಸರ್ನ್ ಪ್ರಯೋಗಾಲಯ ತನ್ನ ಹೊಸ ವಿದ್ಯುತ್ ಸಂಪರ್ಕಗಳಿಗೆ ಇದರ ಕೇಬಲ್ ಆರಿಸಿಕೊಂಡಿದೆ. 2008ರಲ್ಲಿ ಟೋಕಿಯೊ ತಂತ್ರಜ್ಞಾನ ಸಂಸ್ಥೆಯ ಹಿದೆಒ ಹೊಸೊನೊ ತಂಡ ಪ್ರಕಟಿಸಿದ ಕಬ್ಬಿಣದ ಸಂಯುಕ್ತದ್ದು ಬರೀ 26. ಪಾರದರ್ಶಕ ಅರೆವಾಹಕಗಳ ಬೆನ್ನು ಹತ್ತಿದ್ದ ರಸಾಯನಶಾಸ್ತ್ರದ ತಂಡವದು. ಕಾಂತಗುಣವಿರುವ ಧಾತುಗಳಿಂದ ದೂರವಿರಿ ಎಂದು ಬೆಲ್ ಪ್ರಯೋಗಾಲಯದ ಮಥಿಯಾಸ್ ಹಿಂದೆ ಉಪದೇಶಿಸಿದ್ದ. ಕಬ್ಬಿಣ ಅವುಗಳಲ್ಲಿ ಮೊದಲನೆಯದು. ಆ 26, ಎಷ್ಟೋ ನೂರು ಕೆಲ್ವಿನ್‌ನ ಸುಳ್ಳು ಸುದ್ದಿಗಳಿಗಿಂತ ಹೆಚ್ಚಿನದನ್ನು ಬದಲಿಸಿತು.

ಏಣಿಯ ತೀರ ಬುಡದಲ್ಲಿರುವ ಒಂದು ವಸ್ತು ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. 1994ರಲ್ಲಿ ಯೊಶಿತೆರು ಮಾಯೆನೊ ಮತ್ತು ಸಂಗಡಿಗರು, ಬೆಡ್ನೋರ್ಜ್ ಅವರೂ ಅವರೊಂದಿಗಿದ್ದರು, ಸ್ಟ್ರಾನ್ಷಿಯಂ ರುಥೆನೇಟ್‌ನ ಅತಿವಾಹಕತೆಯನ್ನು ಪ್ರಕಟಿಸಿದರು. ಹರಳಿನ ರಚನೆ 1986ರ ಆ ತಾಮ್ರದ ಆಕ್ಸೈಡ್‌ನದೇ, ತಾಮ್ರದ ಜಾಗದಲ್ಲಿ ಮಾತ್ರ ರುಥೇನಿಯಂ. ತಾಪಮಾನ, ಅತ್ಯಂತ ಶುದ್ಧ ಹರಳಿನಲ್ಲೂ, 1.5 ಕೆಲ್ವಿನ್. ಪಾದರಸಕ್ಕಿಂತಲೂ ಕೆಳಗೆ. ಇದರಲ್ಲಿ ಎಲೆಕ್ಟ್ರಾನ್ ಜೋಡಿಗಳ ಭ್ರಮಣಗಳು (ಸ್ಪಿನ್) ಎದುರುಬದುರಾಗಿರದೆ ಒಂದೇ ದಿಕ್ಕಿಗಿವೆ ಎಂದು ಸಿದ್ಧಾಂತಿಗಳು ಊಹಿಸಿದರು. 1998ರಲ್ಲಿ ಕ್ಯೋಟೊದ ಕೆಂಜಿ ಇಶಿದಾ ಅವರ ತಂಡ ಪರಮಾಣು ಕಾಂತ ಅನುರಣನದಿಂದ ಅದಕ್ಕೆ ಪುಷ್ಟಿ ಕೊಟ್ಟಿತು, ಇಪ್ಪತ್ತು ವರ್ಷ ಅದು ಪಠ್ಯದ ಮಾತಾಗಿ ನಿಂತಿತು. 2019ರಲ್ಲಿ ಲಾಸ್ ಏಂಜಲೀಸ್‌ನ ಸ್ಟುವರ್ಟ್ ಬ್ರೌನ್ ತಂಡ, ತ್ಸುಕುಬಾದ ನವೊಕಿ ಕಿಕುಗಾವಾ ಅವರೂ ಜೊತೆಗಿದ್ದು, ಅದೇ ಅಳತೆಯನ್ನು ಬಹಳ ಮೆಲ್ಲಗಿನ ರೇಡಿಯೊ ಮಿಡಿತಗಳಿಂದ ಮತ್ತೆ ಮಾಡಿತು. ಫಲ ಬೇರೆ ಬಂತು. ಹಳೆಯ ಪ್ರಯೋಗದ ಮಿಡಿತಗಳೇ ಹರಳನ್ನು ಕ್ಷಣಕಾಲ ಬಿಸಿ ಮಾಡಿ ಅತಿವಾಹಕ ಸ್ಥಿತಿಯಿಂದ ಹೊರಗೆ ತಳ್ಳುತ್ತಿದ್ದವು ಎನ್ನುವುದು ವಿವರಣೆ. ಇಶಿದಾ ಮತ್ತು ಮಾಯೆನೊ ಕ್ಯೋಟೊದಲ್ಲಿ ತಾವೇ ಮತ್ತೆ ಅಳೆದರು. ಹೊಸ ಫಲ ಸರಿ, ಮಿಡಿತದ ಬಿಸಿಯೇ ಹಳೆಯ ತಪ್ಪಿನ ಮೂಲ ಎಂದು 2020ರಲ್ಲಿ ತಮ್ಮ ಹೆಸರಿನಲ್ಲೇ ಪ್ರಕಟಿಸಿದರು. ಆ 1.5 ಕೆಲ್ವಿನ್‌ನ ಹರಳಿನಲ್ಲಿ ಎಲೆಕ್ಟ್ರಾನುಗಳು ಯಾವ ಬಗೆಯಲ್ಲಿ ಜೋಡಿಯಾಗುತ್ತವೆ ಎಂಬ ಪ್ರಶ್ನೆ ಈಗ ಮತ್ತೆ ತೆರೆದಿದೆ, ಅದರ ಮೇಲೆ ಕೆಲಸ ನಡೆದೇ ಇದೆ.